ಏಳು ದಿನದ ಸೊಪ್ಪು

ಯುದ್ಧ ಶುರುವಾದ ನಾಲ್ಕನೇ ವರ್ಷ ನಾನು ಶಾಲೆ ಬಿಟ್ಟು ಸರ್ವೆ ಕೆಲಸಕ್ಕೆ ಸೇರಿದೆ. ಬಿಟ್ಟೆ ಎನ್ನುವುದು ಪೂರ್ತಿ ಸರಿಯಲ್ಲ. ಹಜ್ಜಾ ಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಸಂಬಳ ನಿಂತು ಎರಡು ವರ್ಷವಾಗಿತ್ತು. ಆಮೇಲೆ ಮಕ್ಕಳು ಬರುವುದೂ ನಿಂತು, ಕೊನೆಗೆ ಬೋರ್ಡಿನ ಮುಂದೆ ನಾನೊಬ್ಬಳೇ ಉಳಿದೆ. ಆ ಹೊತ್ತಿಗೆ, ದೇಶದ ಜನ ಏನು ಉಣ್ಣುತ್ತಿದ್ದಾರೆ, ಹೊಲಗಳಲ್ಲಿ ಏನು ಬೆಳೆಯುತ್ತಿದೆ ಎಂದು ಅಳೆಯಲು ಹೊರಗಿನ ಒಂದು ಸಂಸ್ಥೆ ಬಂತು. ಅವರಿಗೆ ಓದುಬರಹ ಬಲ್ಲ ಹೆಂಗಸರು ಬೇಕಾಗಿದ್ದರು. ಗಂಡಸರು ಒಳಮನೆಗೆ ಹೋಗುವಂತಿಲ್ಲ, ಹಿಟ್ಟಿನ ಡಬ್ಬದ ತಳ ಕಂಡಿದೆಯೋ ಇಲ್ಲವೋ ಎಂಬುದು ಅಂಗಳದಲ್ಲಿ ಕೂತವನಿಗೆ ತಿಳಿಯುವ ವಿಷಯವೂ ಅಲ್ಲ.

ಹೆಂಗಸು ಒಬ್ಬಳೇ ಊರೂರು ತಿರುಗುವಂತೆಯೂ ಇಲ್ಲ. ನನ್ನ ಗಂಡ ಗಡಿಯಾಚೆ ಜಿಝಾನಿಗೆ ಕೂಲಿಗೆ ಹೋದವನು ಎರಡು ಈದ್ ಕಳೆದರೂ ಬಂದಿರಲಿಲ್ಲ. ಹಾಗಾಗಿ ಅಮ್ಮನ ತಮ್ಮ ಮುಖ್ಬಿಲ್ ಮಾವ ನನ್ನ ಜೊತೆ ಹೊರಟ. ಅವನು ಹಿಂದೆ ಕೃಷಿ ಇಲಾಖೆಯಲ್ಲಿ ಬೀಜ ಹಂಚುವ ಗುಮಾಸ್ತನಾಗಿದ್ದ. ಇಲಾಖೆಯ ಉಗ್ರಾಣಕ್ಕೆ ಬಾಂಬು ಬಿದ್ದ ಮೇಲೆ ಅವನ ಪಾಲಿಗೆ ಉಳಿದದ್ದು ಒಂದು ಬೀಗದ ಕೈ ಮಾತ್ರ. ನಾನು ಒಳಗೆ ಪ್ರಶ್ನೆ ಕೇಳುತ್ತಿದ್ದರೆ ಅವನು ಹೊರಗೆ ಯಾವುದಾದರೂ ಗೋಡೆಯ ನೆರಳಿನಲ್ಲಿ ಕೂತು, ಅಮಲಿಗೆಂದು ಅಗಿಯುವ ಖಾತ್ ಎಲೆಯನ್ನು ಕೆನ್ನೆ ಉಬ್ಬುವಷ್ಟು ತುಂಬಿಕೊಂಡು, ಊರಿನ ಗಂಡಸರಿಂದ ಮಳೆಯ ಸುದ್ದಿ ಕೇಳುತ್ತಿದ್ದ.

ತರಬೇತಿ ಕೊಟ್ಟವರು ಎಂಜಿನಿಯರ್ ಅನೀಸ್. ತಾಯಿಜ್ ಕಡೆಯವರು, ಮೆಲುಮಾತಿನವರು, ಸದಾ ನಿದ್ದೆಗೆಟ್ಟ ಮುಖ. ಇಡೀ ಜಿಲ್ಲೆಯ ಸರ್ವೆಗೆ ಅವರೊಬ್ಬರೇ ಮೇಲ್ವಿಚಾರಕರು. ಮನೆಯವರು ಹೇಳಿದ್ದನ್ನು ಹೇಳಿದಂತೆ ಬರೆಯಿರಿ, ಸೇರಿಸಬೇಡಿ, ಕಳೆಯಬೇಡಿ, ಯಾರಿಗೂ ಏನೂ ಕೊಡಿಸುತ್ತೇನೆ ಎನ್ನಬೇಡಿ ಎಂದು ಮೂರು ದಿನವೂ ಅದನ್ನೇ ಹೇಳಿದರು. ನಮ್ಮ ಕೈಗೆ ಒಂದೊಂದು ಟ್ಯಾಬ್ ಕೊಟ್ಟರು. ಮುಖ್ಯ ಪ್ರಶ್ನೆ ಒಂದೇ: ಕಳೆದ ಏಳು ದಿನದಲ್ಲಿ ಈ ಮನೆಯವರು ಯಾವ ಯಾವ ಆಹಾರವನ್ನು ಎಷ್ಟು ದಿನ ತಿಂದರು. ಜೋಳ, ಗೋಧಿಗೆ ದಿನಕ್ಕೆ ಎರಡು ಅಂಕ, ಬೇಳೆಗೆ ಮೂರು, ಮಾಂಸಕ್ಕೂ ಹಾಲಿಗೂ ನಾಲ್ಕು ನಾಲ್ಕು, ತರಕಾರಿ ಸೊಪ್ಪಿಗೆ ಒಂದು, ಎಣ್ಣೆಗೂ ಸಕ್ಕರೆಗೂ ಅರ್ಧರ್ಧ. ಎಲ್ಲ ಕೂಡಿ ಇಪ್ಪತ್ತೊಂದು ದಾಟದ ಮನೆ ಕೆಂಪು. ಕೆಂಪು ಮನೆಗಳು ಜಾಸ್ತಿಯಿದ್ದ ಊರು ಹಿಟ್ಟು, ಎಣ್ಣೆಯ ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತದೆ. ಕೂಡುವ ಕೆಲಸ ರಾಜಧಾನಿಯಲ್ಲಿ ನಡೆಯುತ್ತಿತ್ತು, ನಮಗೆ ಅದರ ಗೊಡವೆ ಇರಲಿಲ್ಲ. ಆದರೆ ನಾನು ಗಣಿತದವಳು. ಬೇಡವೆಂದರೂ ತಲೆ ಕೂಡಿಬಿಡುತ್ತಿತ್ತು.

ಎರಡು ತಿಂಗಳಲ್ಲಿ ನಾನೂರಕ್ಕೂ ಹೆಚ್ಚು ಮನೆ ಹೊಕ್ಕೆ. ಆ ಸೀಮೆಯ ಜನ ಪ್ರಶ್ನೆಗಳಿಗೆ ಪಳಗಿಹೋಗಿದ್ದರು. ನಮಗಿಂತ ಮೊದಲು ನೀರಿನವರು ಬಂದು ಕೇಳಿದ್ದರು, ಲಸಿಕೆಯವರು ಕೇಳಿದ್ದರು, ಹೊಲದವರು ಕೇಳಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಕೆಲವರು ಉತ್ತರ ಶುರುಮಾಡುತ್ತಿದ್ದರು. ಒಂದು ಮನೆಯಲ್ಲಿ ಬಸುರಿಯೊಬ್ಬಳು, ಹೋದ ಸಲ ಬಂದವಳು ಇದನ್ನೆಲ್ಲ ಬೇಗ ಮುಗಿಸಿದಳು, ನೀನೇಕೆ ಇಷ್ಟು ನಿಧಾನ ಎಂದು ಬೈದಳು. ಸಂಜೆ ಪಿಕಪ್ ಗಾಡಿಯಲ್ಲಿ ವಾಪಸು ಬರುವಾಗ ನನಗೆ ನನ್ನ ದನಿಯೇ ಸಾಕಾಗಿರುತ್ತಿತ್ತು.

ರಂಜಾನ್ ಮುಗಿದ ಮೇಲಿನ ಶವ್ವಾಲ್ ತಿಂಗಳ ಕೊನೆಯ ವಾರ ಖುರೈಬಾಕ್ಕೆ ಹೋದೆವು. ಗುಡ್ಡದ ಬೆನ್ನಿಗೆ ಅಂಟಿಕೊಂಡ ನಲವತ್ತು ಮನೆಯ ಊರು. ಅದರಲ್ಲಿ ಹದಿನಾರು ಮನೆ ನನ್ನ ಪಟ್ಟಿಯಲ್ಲಿದ್ದವು. ಊರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹೊಲಗಳು, ಅರ್ಧಕ್ಕರ್ಧ ಕಟ್ಟೆ ಜರಿದಿದ್ದವು. ಊರಬಾಗಿಲಲ್ಲಿ ಒಂದು ತಗಡಿನ ಫಲಕ: ಟೊಮೆಟೊ ಬೆಳೆ ಅಭಿವೃದ್ಧಿ ಯೋಜನೆ. ಮಾವ ಅದರ ಮುಂದೆ ನಿಂತು ಓದಿ, ಬೀಜ ಯಾವಾಗ ಬಂತು ಎಂದು ಅಲ್ಲಿದ್ದ ಮುದುಕನನ್ನು ಕೇಳಿದ. ಮಳೆ ಮುಗಿದ ತಿಂಗಳಿಗೆ ಬಂತು ಎಂದ ಅವನು. ಬೀಜ ಒಳ್ಳೆಯದೇ ಇತ್ತು, ಪೊಟ್ಟಣದ ಮೇಲಿನ ಚಿತ್ರವಂತೂ ಬಹಳ ಚೆನ್ನಾಗಿತ್ತು ಎಂದೂ ಹೇಳಿದ. ಮಾವ ನಗಲಿಲ್ಲ. ಸರ್ಕಾರದ ಉಗ್ರಾಣದಿಂದ ಬೀಜ ತಡವಾಗಿ ಬಿಟ್ಟ ಪಾಪ ತನ್ನ ಕೈಗೂ ಅಂಟಿದೆ ಎಂದು ಆಮೇಲೆ ಗಾಡಿಯಲ್ಲಿ ನನಗೆ ಹೇಳಿದ.

ಮೊದಲ ಮನೆ ಹಾದಿಯಾಳದು. ಅರವತ್ತು ದಾಟಿದ ವಿಧವೆ. ಮಗ ಮೀನು ದೋಣಿಯ ಕೆಲಸಕ್ಕೆ ಕಡಲ ಕಡೆ ಹೋಗಿದ್ದ. ಮನೆಯಲ್ಲಿ ಸೊಸೆ ಅಫ್ರಾಹ್, ಅವಳ ನಾಲ್ಕು ಮಕ್ಕಳು. ನಾನು ಹೋದಾಗ ಅಫ್ರಾಹ್ ಅಂಗಳದಲ್ಲಿ ಕೂತು ಹಲಾಸ್ ಬಳ್ಳಿಯ ಎಲೆ ಬಿಡಿಸುತ್ತಿದ್ದಳು. ಕಲ್ಲುಸಂದಿಯಲ್ಲಿ ತಾನಾಗಿ ಹಬ್ಬುವ ಬಳ್ಳಿ ಅದು. ಹಸಿ ಎಲೆ ಬಾಯಿಗಿಟ್ಟರೆ ನಾಲಿಗೆ ಸುಡುವಷ್ಟು ಹುಳಿ. ಮೂರು ನೀರಿನಲ್ಲಿ ತೊಳೆದು, ಒಂದು ಜಾವ ಬೇಯಿಸಿ, ಅರೆದು ಹಸಿರು ಮುದ್ದೆ ಮಾಡುತ್ತಾರೆ. ನನ್ನ ಅಜ್ಜಿ ಬರಗಾಲದ ಕತೆ ಹೇಳುವಾಗ ಅದರ ಹೆಸರು ಕೇಳಿದ್ದೆ. ಜನ ತಿನ್ನುವುದನ್ನು ಕಂಡಿರಲಿಲ್ಲ.

ಹಾದಿಯಾ ನನ್ನನ್ನು ಚಾಪೆಯ ಮೇಲೆ ಕೂರಿಸಿ, ನಾನು ಹಿಂದೆ ಟೀಚರಾಗಿದ್ದೆ ಎಂದು ಕೇಳಿ ತಿಳಿದುಕೊಂಡು, ತಾನು ಗೋಡೆಗೆ ಒರಗಿ ಕೂತಳು.

"ಕೇಳು ಮಗಳೇ. ನಿನ್ನ ಡಬ್ಬಿ ಏನೇನು ಕೇಳುತ್ತೋ ಎಲ್ಲ ಕೇಳು."

"ಜೋಳ, ಗೋಧಿ ಎಷ್ಟು ದಿನ ತಿಂದ್ರಿ ಅಮ್ಮ, ಈ ಏಳು ದಿನದಲ್ಲಿ?"

"ಏಳೂ ದಿನ ರೊಟ್ಟಿ ಸುಟ್ಟಿದೀವಿ. ಒಂದು ರೊಟ್ಟಿ ಆರು ಜನಕ್ಕೆ. ಅದನ್ನ ಕೇಳುತ್ತಾ ಡಬ್ಬಿ, ಎಷ್ಟು ಜನಕ್ಕೆ ಅಂತ?"

ಕೇಳುವುದಿಲ್ಲ ಎಂದೆ. ಬೇಳೆ ಎಂದೆ. ರಂಜಾನಿನಲ್ಲಿ ಒಂದು ದಿನ ಎಂದಳು. ಮಾಂಸ ಕೇಳಬೇಕಾಗಿತ್ತು, ಕೇಳಿದೆ. ಅವಳು ಸೊಸೆಯ ಕಡೆ ನೋಡಿ, ಟೀಚರಮ್ಮ ಊಟಕ್ಕೆ ಕರೆಯುತ್ತಿದ್ದಾಳೆ ನೋಡೇ ಎಂದಳು. ಅಫ್ರಾಹ್ ಮುಖ ತಗ್ಗಿಸಿಕೊಂಡೇ ನಕ್ಕಳು. ಸಕ್ಕರೆ ಏಳೂ ದಿನ, ಕಾಫಿ ಸಿಪ್ಪೆಯ ಕಷಾಯಕ್ಕೆ ಚಿಟಿಕೆಯಷ್ಟು. ಎಣ್ಣೆ ಎರಡು ದಿನ. ಸೊಪ್ಪು?

"ಏಳೂ ದಿನ," ಎಂದಳು ಹಾದಿಯಾ. "ಬೆಳಿಗ್ಗೆ ಸೊಪ್ಪು, ರಾತ್ರಿ ಸೊಪ್ಪು. ಇವಳ ಕೈ ನೋಡು."

ಅಫ್ರಾಹ್‌ಳ ಬೆರಳ ಸಂದುಗಳು ಎಲೆಯ ಹುಳಿಗೆ ಸುಲಿದು ಬಿರುಕು ಬಿಟ್ಟಿದ್ದವು.

ಸೊಪ್ಪಿನ ಸಾಲಿನಲ್ಲಿ ಏಳು ಒತ್ತಿದೆ. ಮುಂದೆ ಹೊಲದ ಪ್ರಶ್ನೆಗಳು. ಮೂರು ಮೆಟ್ಟಿಲು ಹೊಲದಲ್ಲಿ ಎರಡರ ಕಟ್ಟೆ ಜರಿದಿತ್ತು, ಕಟ್ಟಿ ನಿಲ್ಲಿಸಲು ಗಂಡಾಳಿರಲಿಲ್ಲ. ಬಿತ್ತನೆಗೆಂದು ಅಟ್ಟದ ಮೇಲೆ ಇಟ್ಟಿದ್ದ ಜೋಳವನ್ನು ರಂಜಾನಿಗೆ ಮುಂಚಿನ ಶಾಬಾನ್ ತಿಂಗಳಲ್ಲಿ ಇಳಿಸಿ ಬೀಸಿ ತಿಂದಿದ್ದರು. ಹಾದಿಯಾ ಆ ಮಾತನ್ನು ಮಾತ್ರ ತಲೆ ತಗ್ಗಿಸಿ ಹೇಳಿದಳು. ಹಸಿವಿನ ಬೇರೆ ಪ್ರಶ್ನೆಗೆಲ್ಲ ನಗುತ್ತಲೇ ಉತ್ತರಿಸಿದವಳು, ಬೀಜ ತಿಂದದ್ದಕ್ಕೆ ನಾಚಿಕೊಂಡಳು.

ಕೊನೆಯ ಪ್ರಶ್ನೆ ಮುಗಿಯುವ ಹೊತ್ತಿಗೆ ನನ್ನ ತಲೆ ಕೂಡಿ ಮುಗಿಸಿತ್ತು. ರೊಟ್ಟಿಗೆ ಹದಿನಾಲ್ಕು, ಸಕ್ಕರೆಗೆ ಮೂರೂವರೆ, ಎಣ್ಣೆಗೆ ಒಂದು. ಹದಿನೆಂಟೂವರೆ. ಅಲ್ಲಿಗೆ ಕೆಂಪು. ಸೊಪ್ಪಿನ ಏಳು ಸೇರಿದರೆ ಇಪ್ಪತ್ತೈದೂವರೆ. ಗೆರೆ ದಾಟಿ ಆಚೆ.

ಪಕ್ಕದ ಮನೆಗೆ ಹೋದೆ. ಅಲ್ಲಿ ಮನೆಯಾಕೆಗೆ ಜ್ವರ, ಎಲೆ ಕೊಯ್ದು ತರುವವರೇ ಇಲ್ಲ. ಒಣರೊಟ್ಟಿ, ಸಕ್ಕರೆ ನೀರು. ಆ ಮನೆ ಕೆಂಪು. ಅದರಾಚೆಯ ಮನೆಯಲ್ಲಿ ಎಲೆ ಇತ್ತು, ಅದೂ ಗೆರೆಯಾಚೆ. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಸ್ಪಷ್ಟವಾಯಿತು. ಬೇರೇನೂ ಇಲ್ಲದೆ ಎಲೆಗೆ ಬಿದ್ದವರೆಲ್ಲ, ಎಲೆ ತಿಂದ ಒಂದೇ ಕಾರಣಕ್ಕೆ, ನಮ್ಮ ಟ್ಯಾಬಿನಲ್ಲಿ ತರಕಾರಿ ಉಣ್ಣುವ ಸಂಸಾರಗಳಾಗುತ್ತಿದ್ದರು.

ಫೋನಿಗೆ ಸಿಗ್ನಲ್ ಬೇಕೆಂದು ಊರ ಮೇಲಿನ ದಿಬ್ಬ ಹತ್ತಿದೆ. ಮಾವನೂ ಏದುಸಿರು ಬಿಡುತ್ತ ಹಿಂದೆ ಬಂದ. ಅನೀಸ್ ಸರ್ ಫೋನ್ ಎತ್ತಿದರು. ಹಿನ್ನೆಲೆಯಲ್ಲಿ ಜನರೇಟರ್ ಸದ್ದು. ವಿಷಯ ಹೇಳಿದೆ.

"ಟೀಚರ್, ಹಸಿರು ಸೊಪ್ಪು ಅಂದ್ರೆ ತರಕಾರಿ ಸಾಲಿಗೆ ಹಾಕಿ ಅಂತ ಪುಸ್ತಕದಲ್ಲಿ ಬರೆದಿದೆ," ಎಂದರು.

"ಇದು ಆಡು ತಿನ್ನೋ ಸೊಪ್ಪು ಸರ್. ಆಡು ಸಹ ಬೇರೆ ಏನೂ ಇಲ್ದಿದ್ರೆ ತಿನ್ನೋದು."

"ಇಡೀ ದೇಶಕ್ಕೆ ಒಂದೇ ಫಾರಂ. ಮನೆಯವರು ಹೇಳಿದ್ದನ್ನ ಬರೀರಿ, ಉಳಿದದ್ದು ಆಮೇಲೆ ನೋಡೋಣ," ಎಂದು ಇಟ್ಟುಬಿಟ್ಟರು.

ಮಾವ ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. "ಬರೆದು ಮುಗಿಸು ಕಣೇ. ಇಪ್ಪತ್ತಾರು ವರ್ಷ ನಾನು ಫಾರಂ ತುಂಬಿದೀನಿ. ಅದರಲ್ಲಿ ಒಂದಾದ್ರೂ ನನ್ನ ಮಾತು ಕೇಳಿಲ್ಲ," ಎಂದ.

ಇಳಿದು ಬರುವಾಗ ಹಾದಿಯಾ ನೀರಿನ ಕೊಡದ ಜೊತೆ ಎದುರಾದಳು. ನಿಯಮ ಮೀರಿ ಅವಳಿಗೆ ಎಲ್ಲ ಹೇಳಿದೆ. ಸೊಪ್ಪಿನ ಸಾಲಿನಲ್ಲಿ ಸೊನ್ನೆ ಹಾಕಿದರೆ ಊರು ಪಟ್ಟಿಯಲ್ಲಿ ಮೇಲೆ ಬರುತ್ತದೆ, ಏಳು ಹಾಕಿದರೆ ಬರುವುದಿಲ್ಲ ಎಂದೆ. ಅವಳು ಕೊಡ ಕೆಳಗಿಳಿಸಿದಳು.

"ನಾವು ಎಲೆ ತಿಂದಿದೀವಿ. ತಿಂದಿದೀವಿ ಅಂತಲೇ ಬರಿ," ಎಂದಳು. "ನಮ್ಮ ಅತ್ತೆ ಕಾಲದಲ್ಲಿ ತಿಂದಿದ್ರಂತೆ, ಯಾರಿಗೂ ಗೊತ್ತಾಗ್ಲಿಲ್ಲ. ಈ ಸಲನಾದ್ರೂ ಗೊತ್ತಾಗ್ಲಿ. ಮೇಲಿರೋರು ಓದ್ಲಿ, ಖುರೈಬಾದಲ್ಲಿ ಹೆಂಗಸ್ರು ಬಳ್ಳಿ ಎಲೆ ಬೇಯಿಸ್ತಾವ್ರೆ ಅಂತ."

"ಅವರು ಓದೋದು ಬರೀ ಅಂಕ ಅಮ್ಮ. ಯಾವ ಎಲೆ ಅಂತ ಅದರಲ್ಲಿ ಇರಲ್ಲ."

"ಇರಲಿ. ನಾನು ಸುಳ್ಳು ಹೇಳಿಲ್ಲ. ನೀನೂ ಹೇಳ್ಬೇಡ."

ನಾನು ಆಗಲಿ ಎಂದೆ. ಆದರೆ ಹದಿನಾರನೇ ಮನೆ ಮುಗಿಸಿ, ಗಾಡಿಯ ಹಿಂದಿನ ಸೀಟಿನಲ್ಲಿ ಕೂತು, ಎಲೆ ತಿಂದ ಹನ್ನೆರಡು ಮನೆಗಳನ್ನು ಒಂದೊಂದಾಗಿ ತೆರೆದು ಸೊಪ್ಪಿನ ಸಾಲನ್ನು ಸೊನ್ನೆ ಮಾಡಿದೆ. ಮಾವ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಎಚ್ಚರವಿದ್ದನೋ ಏನೋ, ತಿರುಗಿ ನೋಡಲಿಲ್ಲ. ಆಗ ನನಗೆ ಹೆದರಿಕೆಯೂ ಆಗಲಿಲ್ಲ, ಒಳ್ಳೆಯದು ಮಾಡಿದೆ ಎಂಬ ಸಂತೋಷವೂ ಆಗಲಿಲ್ಲ. ಬೇಗ ಮುಗಿದರೆ ಸಾಕಾಗಿತ್ತು. ಕತ್ತಲಾಗುವ ಮೊದಲು ಕಳಿಸುವ ಗುಂಡಿ ಒತ್ತಿದೆ.

ಮೂರು ವಾರದ ನಂತರ ಅನೀಸ್ ಸರ್ ನನ್ನನ್ನು ಕಚೇರಿಗೆ ಕರೆಸಿದರು. ಪ್ರತಿ ಸರ್ವೆಯಲ್ಲೂ ಹತ್ತರಲ್ಲಿ ಒಂದು ಊರಿಗೆ ಬೇರೆಯವರು ಮತ್ತೆ ಹೋಗಿ, ಕೆಲವು ಮನೆಗಳಲ್ಲಿ ಅದೇ ಪ್ರಶ್ನೆ ಕೇಳಿ ತಾಳೆ ನೋಡುತ್ತಾರೆ. ಆ ಸಲ ಖುರೈಬಾದ ಹೆಸರು ಬಂದಿತ್ತು. ಮೊದಲ ಮನೆ ಹಾದಿಯಾಳದೇ. ಅವಳು ಬಂದವಳನ್ನು ಕೂರಿಸಿ, ಸರ್ವೆಯ ಆ ವಾರ ಏಳೂ ದಿನ ಎಲೆ ತಿಂದೆವು, ಈಗಲೂ ಅದನ್ನೇ ತಿನ್ನುತ್ತಿದ್ದೇವೆ, ಹೋದ ಸಲ ಬಂದ ಟೀಚರಮ್ಮನಿಗೂ ಹೇಳಿದ್ದೇನೆ ಎಂದು ಅಫ್ರಾಹ್‌ಳ ಕೈ ತೋರಿಸಿ ಹೇಳಿದ್ದಳು. ಉಳಿದ ಮನೆಯವರೂ ಹಾಗೇ ಹೇಳಿದ್ದರು. ನನ್ನ ಟ್ಯಾಬಿನಲ್ಲಿ ಸಾಲುಸಾಲು ಸೊನ್ನೆ.

ಅನೀಸ್ ಸರ್ ಬೈಯಲಿಲ್ಲ. ಮೇಜಿನ ಮೇಲೆ ನನ್ನದೂ ತಾಳೆ ನೋಡಿದವಳದೂ ಎರಡು ಹಾಳೆ ಪಕ್ಕಪಕ್ಕ ಇಟ್ಟು, ಹಣೆ ಉಜ್ಜಿಕೊಂಡರು.

"ಸೊನ್ನೆ ನೀವೇ ಹಾಕಿದ್ರಾ?"

"ಹೌದು ಸರ್."

"ನಿಮ್ಮ ಯೋಚನೆ ತಪ್ಪಲ್ಲ ಟೀಚರ್. ಏಳು ಹಾಕಿ, ಈ ಸೊಪ್ಪಿನ ವಿಷಯ ಬೇರೆ ಬರೆದು ಕೊಟ್ಟಿದ್ರೆ ಮೇಲಕ್ಕೆ ಕಳಿಸ್ತಿದ್ದೆ. ಈಗ ನನ್ನ ಕೈಲಿ ಏನಿದೆ ಹೇಳಿ, ಸುಳ್ಳು ಹಾಳೆ ಒಂದು ಬಿಟ್ಟು?"

"ಫೋನ್ ಮಾಡಿದ್ದೆ ಸರ್."

"ಮಾಡಿದ್ರಿ." ಅವರು ಕಿಟಕಿಯ ಕಡೆ ತಿರುಗಿದರು. "ಅವತ್ತು ಅದು ನಂಗೆ ಬಂದ ಮೂವತ್ತನಾಲ್ಕನೇ ಫೋನು. ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಅದು ನನ್ನ ತಪ್ಪು. ಆದ್ರೆ ಊರಿನ ಹಾಳೆ ಹೋಯ್ತು."

ಊರಿನ ಹಾಳೆ ಹೋಯಿತು ಎಂದರೆ ಖುರೈಬಾದ ಹದಿನಾರೂ ಮನೆಗಳ ಮಾಹಿತಿ ನಂಬುವಂಥದ್ದಲ್ಲ ಎಂದು ತೆಗೆದುಹಾಕಿದರು. ನಕ್ಷೆ ಬಂದಾಗ ಸುತ್ತಲಿನ ಊರುಗಳೆಲ್ಲ ಕೆಂಪು, ಕಿತ್ತಳೆ. ಖುರೈಬಾದ ಜಾಗದಲ್ಲಿ ಓರೆಗೆರೆ ಎಳೆದ ಬಿಳಿ ಚುಕ್ಕಿ. ಮರುಸರ್ವೆ ಆಗುವ ತನಕ ಹಿಟ್ಟು, ಎಣ್ಣೆಯ ಪಟ್ಟಿಯಲ್ಲಿ ಹೆಸರಿಲ್ಲ. ಮರುಸರ್ವೆಗೆ ನಾಲ್ಕು ತಿಂಗಳು. ನನ್ನಿಂದ ಟ್ಯಾಬ್ ವಾಪಸು ತೆಗೆದುಕೊಂಡರು. ಮನೆಗೆ ನಡೆದು ಬಾಗಿಲ ಹತ್ತಿರ ಬಂದಾಗ ಮಾವ, ಸೊನ್ನೆ ಹಾಕುವುದನ್ನು ಗಾಡಿಯ ಕನ್ನಡಿಯಲ್ಲಿ ತಾನು ಕಂಡಿದ್ದೆ, ತಡೆಯಬೇಕು ಅನ್ನಿಸಲಿಲ್ಲ ಎಂದ.

ನಾಲ್ಕು ತಿಂಗಳು ನಾನು ಖುರೈಬಾದ ಕಡೆ ಮುಖ ಮಾಡಲಿಲ್ಲ. ನಾಳೆ ಹೋಗೋಣ ಎನ್ನುತ್ತ ತಿಂಗಳು ಕಳೆಯಿತು. ಸಫರ್ ತಿಂಗಳಲ್ಲಿ ಮಾವನೇ ಒಂದು ಬೆಳಿಗ್ಗೆ ಯಾರದೋ ಗಾಡಿ ಗೊತ್ತುಮಾಡಿಕೊಂಡು ಬಂದು, ಏಳು, ಹೋಗೋಣ ಎಂದ.

ಹಾದಿಯಾಳ ಮನೆಗೆ ಚಿಲಕ ಹಾಕಿತ್ತು. ಊರಿನಲ್ಲಿ ಒಂಬತ್ತು ಮನೆ ಖಾಲಿಯಾಗಿದ್ದವು. ಪಕ್ಕದ ಮನೆಯಾಕೆ, ಅವತ್ತು ಜ್ವರದಲ್ಲಿ ಮಲಗಿದ್ದವಳು, ಈಗ ಎದ್ದು ಓಡಾಡುತ್ತಿದ್ದಳು. ಬಳ್ಳಿಗಳ ಎಲೆಯೂ ಮುಗಿದ ಮೇಲೆ ಆ ಸಂಸಾರಗಳು ಬಯಲುಸೀಮೆಗೆ, ಅಬ್ಸ್ ಊರಿನ ಹೊರಗಿನ ಡೇರೆಗಳಿಗೆ ಇಳಿದುಹೋದವು ಎಂದಳು. ನಾನು ಯಾರೆಂದು ಅವಳಿಗೆ ನೆನಪಿರಲಿಲ್ಲ. ಸರ್ವೆಯವಳು ಎಂದುಕೊಂಡು, ಬರೆದುಕೋ ಎಂದು ಹೇಳತೊಡಗಿದಳು. ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅಬ್ಸ್ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಗೋಣಿ, ತಾಡಪಾಲು, ಮುಳ್ಳುಕಡ್ಡಿಯ ಗುಡಿಸಲುಗಳು ಮರಳಿನಲ್ಲಿ ಕಣ್ಣು ಹಾಯುವವರೆಗೆ. ಕೇಳುತ್ತ ಕೇಳುತ್ತ ಹೋಗಿ ಹಾದಿಯಾಳನ್ನು ಕಂಡುಹಿಡಿದೆವು. ಅವಳು ಸೊರಗಿದ್ದಳು, ಆದರೆ ದನಿ ಅದೇ. ಅಫ್ರಾಹ್ ನೀರಿನ ಸರತಿಗೆ ಹೋಗಿದ್ದಳು. ಮಕ್ಕಳು ನಾಲ್ಕೂ ಇದ್ದರು. ಅದನ್ನು ಎಣಿಸಿ ನೋಡಿದ ಮೇಲೆಯೇ ನಾನು ಕೂತದ್ದು.

ಬಂದ ವಿಷಯ ಹೇಳಿದೆ. ಏನು ಬರೆದೆ, ಏನಾಯಿತು, ಊರು ಪಟ್ಟಿಯಿಂದ ಹೇಗೆ ಬಿದ್ದುಹೋಯಿತು, ಎಲ್ಲ. ಅವಳು ಮರಳಿನಲ್ಲಿ ಬೆರಳಾಡಿಸುತ್ತ ಕೇಳಿದಳು.

"ಬರಿ ಅಂದಿದ್ದೆ. ಆಗಲಿ ಅಂದೆ ನೀನು," ಎಂದಳು.

"ನಿಮಗೆ ಒಳ್ಳೇದಾಗ್ಲಿ ಅಂತ ಮಾಡ್ದೆ ಅಮ್ಮ."

"ಒಳ್ಳೇದು ಮಾಡೋಕೆ ಬಂದೋರೆಲ್ಲ ಹಂಗೇ. ಟೊಮೆಟೊ ಬೀಜ ತಂದೋನೂ ಒಳ್ಳೇದಕ್ಕೇ ತಂದ. ನಮ್ಮನ್ನ ಕೇಳೋದೇನೋ ಕೇಳ್ತೀರಾ. ನಾವು ಹೇಳಿದ್ದನ್ನ ಇಟ್ಕೊಳ್ಳೋರು ಯಾರೂ ಇಲ್ಲ."

ನನ್ನ ಕಣ್ಣು ತುಂಬಿತು. ಅವಳಿಗೆ ಅದನ್ನು ನೋಡುವ ವ್ಯವಧಾನವಿರಲಿಲ್ಲ. ಮುಸುಕಿನ ಅಂಚಿನ ಗಂಟು ಬಿಚ್ಚಿ ಒಂದು ಪಡಿತರ ಚೀಟಿ ತೆಗೆದಳು. ಡೇರೆಗಳ ಕಚೇರಿಯವರು ಕೊಟ್ಟದ್ದು. ಎರಡು ಸಲ ಹಿಟ್ಟಿಗೆ ಹೋದಾಗಲೂ, ಹೆಸರು ತಾಳೆಯಾಗುವುದಿಲ್ಲ ಎಂದು ವಾಪಸು ಕಳಿಸಿದ್ದರಂತೆ.

"ಓದು ಇದನ್ನ. ಏನ್ ಬರೆದವ್ರೆ ನೋಡು. ಓದೋಕೆ ಬರುತ್ತಲ್ಲ ನಿಂಗೆ, ಅಷ್ಟಕ್ಕಾದ್ರೂ ಬಾ."

ಚೀಟಿಯಲ್ಲಿ ಹಾದಿಯಾ ಎಂಬುದರ ಬದಲು ಹಾನಿಯಾ ಎಂದಿತ್ತು. ಯಾರೋ ಅವಸರದಲ್ಲಿ ಒಂದಕ್ಷರ ತಪ್ಪು ಬರೆದಿದ್ದರು. ನಾನು ಅವಳನ್ನು ಕರೆದುಕೊಂಡು ಕಚೇರಿಯ ಸರತಿಗೆ ಹೋದೆ. ನೂರಕ್ಕೂ ಹೆಚ್ಚು ಹೆಂಗಸರಿದ್ದರು. ನೆರಳಿರಲಿಲ್ಲ. ಮಾವ ಎಲ್ಲಿಂದಲೋ ರಟ್ಟಿನ ತುಂಡು ತಂದು ಹಾದಿಯಾಳ ಕೈಗೆ ಕೊಟ್ಟು, ಗಂಡಸರ ಕಡೆ ಹೋಗಿ ಕೂತ. ನಿಂತು ನಿಂತು ಅವಳು ನನ್ನ ಭುಜಕ್ಕೆ ಒರಗಿದಳು. ಇಳಿಹೊತ್ತಿನ ಅಸ್ರ್ ನಮಾಜಿನ ವೇಳೆಗೆ ನಮ್ಮ ಸರದಿ ಬಂತು. ಮೇಜಿನ ಹಿಂದಿನ ಹುಡುಗಿ ತಲೆ ಎತ್ತದೆ ಹೆಸರು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹಾದಿಯಾ ತಾನೇ ಹೇಳಿದಳು, ಒಂದೊಂದು ಅಕ್ಷರ ಬಿಡಿಸಿ ಹೇಳಿದಳು, ಬರೆದದ್ದನ್ನು ನನ್ನಿಂದ ಎರಡು ಸಲ ಓದಿಸಿದಳು. ಸರಿಯಿದೆ ಎಂದ ಮೇಲೆಯೇ ಹೆಬ್ಬೆಟ್ಟು ಒತ್ತಿದಳು.

ಅವಳಿಗೆ ಮರುವಾರ ಹಿಟ್ಟು ಸಿಕ್ಕಿತೆಂದು ಆಮೇಲೆ ತಿಳಿಯಿತು. ಖುರೈಬಾದ ಮರುಸರ್ವೆ ಇನ್ನೂ ಒಂದು ತಿಂಗಳು ತಡವಾಗಿ ನಡೆದು, ತಿನ್ನಲು ಎಲೆಯೂ ಉಳಿದಿರದ ಊರು ಕೆಂಪಿಗೆ ಸೇರಿತು. ಅನೀಸ್ ಸರ್ ನನ್ನ ಹಳೆಯ ಫೋನಿನ ವಿಷಯವನ್ನು ತಮ್ಮ ವರದಿಯಲ್ಲಿ ಬರೆದು ಕಳಿಸಿದ್ದರು. ಮರುವರ್ಷದ ಫಾರಂನಲ್ಲಿ ಕಾಡುಸೊಪ್ಪಿಗೆ ಬೇರೆ ಸಾಲು ಬಂತು, ಅದಕ್ಕೆ ಅಂಕವಿಲ್ಲ. ಅದನ್ನು ನನಗೆ ಹೇಳಲು ಅವರೇ ಫೋನ್ ಮಾಡಿದ್ದರು, ಮತ್ತೆ ಕೆಲಸಕ್ಕೆ ಬರುತ್ತೀರಾ ಎಂದೂ ಕೇಳಿದರು. ಇಲ್ಲ ಸರ್ ಎಂದೆ. ಅವರೂ ಬಲವಂತ ಮಾಡಲಿಲ್ಲ.

ಎರಡನೇ ವರ್ಷದ ಮಳೆಗೆ ಹಾದಿಯಾಳ ಸಂಸಾರ ಊರಿಗೆ ಮರಳಿತಂತೆ. ಮಗನೂ ಬಂದು ಒಂದು ಕಟ್ಟೆ ನಿಲ್ಲಿಸಿ ಜೋಳ ಬಿತ್ತಿದನಂತೆ. ಬೀಜ ಎಲ್ಲಿಂದ ಬಂತು ಎಂದು ನಾನು ಕೇಳಿದಾಗ ಮುಖ್ಬಿಲ್ ಮಾವ ಖಾತ್ ಎಲೆ ಅಗಿಯುತ್ತ ಬೇರೆ ಕಡೆ ನೋಡಿದ. ನಾನೂ ಮತ್ತೆ ಕೇಳಲಿಲ್ಲ.